ಓಣಿ ಕಡೆಯ ಬಾಗಿಲು

"ಮೊದಲು ಇದನ್ನ ಮುಚ್ಚಿ," ಎಂದಳು ಸಿಸ್ಟರ್.

ನಕ್ಷೆಯ ಮೇಲೆ ಓಡಾಡುತ್ತಿದ್ದ ಇಂಜಿನಿಯರನ ಪೆನ್ಸಿಲು ಗಕ್ಕನೆ ನಿಂತಿತು. ಅವಳ ಬೆರಳು ಹಿಂಬಾಗಿಲನ್ನು ಒತ್ತಿ ಹಿಡಿದಿತ್ತು. ಹಜಾರದ ನಡುವೆ ಎರಡು ಕಡೆ ಇಟ್ಟಿಗೆ ಪೇರಿಸಿ, ಕಿತ್ತುಹಾಕಿದ ಕದವೊಂದನ್ನು ಅಡ್ಡ ಮಲಗಿಸಿ ಮೇಜು ಮಾಡಿಕೊಂಡಿದ್ದರು. ಅದರ ಮೇಲೆ ನಕ್ಷೆ, ಗಾಳಿಗೆ ಹಾರದಂತೆ ಮೂಲೆಗಳಿಗೆ ಹೆಂಚಿನ ಚೂರು. ಚಾವಣಿಯ ಗಾರೆ ಆಗಾಗ ಉದುರಿ ಕಾಗದದ ಮೇಲೆ ಬೀಳುತ್ತಿತ್ತು. ಇಂಜಿನಿಯರು ಅದನ್ನು ಉಫ್ ಎಂದು ಊದಿ ಮತ್ತೆ ಗೀಟು ಎಳೆಯುತ್ತಿದ್ದ.

"ಹಿಂದಿನ ಬಾಗಿಲಾ? ಅದು ಇರಲಿ ಮೇಡಂ. ಪಾತ್ರೆ ಬಟ್ಟೆಗೆ ಬರೋರು, ಕಸದೋರು, ಪೈಪು ರಿಪೇರಿಯೋರು, ಎಲ್ಲ ಅಲ್ಲಿಂದ ಬಂದು ಅಲ್ಲಿಂದಲೇ ಹೋಗ್ತಾರೆ. ನೀವು ಮುಂದೆ ನೆಂಟರನ್ನ ಕೂರಿಸಿಕೊಂಡು ಮಾತಾಡ್ತಿರೋವಾಗ ಯಾರೋ ಪೊರಕೆ ಹಿಡಿದು ಮಧ್ಯೆ ಹಾದು ಹೋದ್ರೆ ಚೆನ್ನಾಗಿರುತ್ತಾ?"

"ನಮ್ಮ ಮನೆಗೆ ಬರೋರಿಗೆಲ್ಲ ಒಂದೇ ಬಾಗಿಲು. ಪೊರಕೆ ಹಿಡಿದವರಿಗೂ, ಪೆನ್ಸಿಲ್ ಹಿಡಿದವರಿಗೂ."

ಗೋಡೆ ತಟ್ಟಿ ನೋಡುತ್ತಿದ್ದ ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡು ಕೆಮ್ಮಿದ. ಅದು ಕೆಮ್ಮಲ್ಲ, ನಗು ಎಂಬುದು ಎಲ್ಲರಿಗೂ ತಿಳಿಯಿತು.

"ಮತ್ತೆ ಈ ಗೂಡು," ಬೆರಳು ಹಿತ್ತಲಿಗೆ ಸರಿಯಿತು. ಹಿಂಬಾಗಿಲ ಪಕ್ಕಕ್ಕೆ ಅಂಟಿಕೊಂಡಂತೆ ಬೆಂಕಿಪೆಟ್ಟಿಗೆಯಷ್ಟು ಕೋಣೆಯೊಂದು ನಕ್ಷೆಯಲ್ಲಿತ್ತು. "ಇದನ್ನ ನೆಲಸಮ ಮಾಡಿ. ಆ ಒಗೆಯೋ ಕಲ್ಲನ್ನೂ ಎತ್ತಿಸಿಬಿಡಿ. ಅಲ್ಲಿ ಗಿಡ ಹಾಕ್ತೀನಿ."

ಇಂಜಿನಿಯರು ಮರುಮಾತಿಲ್ಲದೆ ಎರಡು ಕಡೆಯೂ ಅಡ್ಡಗೀಟು ಎಳೆದ. ಅವಳ ಎದುರು ಮರುಮಾತಾಡುವವರು ಕಡಿಮೆ. ಆಪರೇಷನ್ ಥಿಯೇಟರಿನ ಹೆಡ್ ನರ್ಸು ಅವಳು. ಡಾಕ್ಟರು ಬಾಯಿ ತೆರೆಯುವ ಮೊದಲೇ ಬೇಕಾದ ಕತ್ತರಿಯನ್ನು ಅವರ ಕೈಗಿಟ್ಟು ಅಭ್ಯಾಸ, ತಪ್ಪು ಕತ್ತರಿ ಕೇಳಿದರೆ ಕಣ್ಣಲ್ಲೇ ತಿದ್ದಿಯೂ ಅಭ್ಯಾಸ. ಎಲ್ಲರೂ ಕರೆದು ಕರೆದು ಅವಳ ಹೆಸರೇ ಸಿಸ್ಟರ್ ಎಂದಾಗಿತ್ತು. ಅದೇ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುವ ಗಂಡನೂ ಹಾಗೆಯೇ ಕರೆಯುತ್ತಿದ್ದ. ಕಟ್ಟಿಕೊಂಡವಳನ್ನ ಸಿಸ್ಟರ್ ಅಂತ ಕೂಗಿಯೂ ಸಂಸಾರ ಉಳಿಸಿಕೊಂಡಿರೋ ಗಂಡಸು ಈ ಲೋಕದಲ್ಲಿ ನಾನೊಬ್ಬನೇ ಎಂಬುದು ಅವನ ಹಳೆಯ ಜೋಕು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ನಿವೃತ್ತ ಸಾಹೇಬರು ಇಣುಕಿದರು. ಯಾವುದೋ ದೊಡ್ಡ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ಬಂದವರು. ಕುರ್ಚಿ ಹೋದರೂ ಕೂರುವ ಠೀವಿ ಹೋಗಿರಲಿಲ್ಲ, ನಿಂತಾಗಲೂ ಕೂತಂತೆಯೇ ಕಾಣುತ್ತಿದ್ದರು.

"ಅಂತೂ ಈ ಮನೆಗೆ ಜನ ಬಂದ್ರಲ್ಲ, ಸಂತೋಷ. ವಾರಸುದಾರರು ಜಗಳಾಡಿಕೊಂಡು ಹಾಳು ಬಿಟ್ಟಿದ್ರು. ನಮ್ಮ ಸಾಲಿಗೇ ಒಂದು ಹಲ್ಲು ಬಿದ್ದ ಹಾಗೆ ಕಾಣೋದು. ಮುಂಭಾಗ ಮಾತ್ರ ಕೆಡಿಸಬೇಡಿ, ಆ ಕಂಬ, ಆ ಕಮಾನು, ಹಾಗೇ ಇರಲಿ. ನೀವು ಎಲ್ಲಿಯವರು?"

"ಇಲ್ಲಿಯವರೇ," ಎಂದಳು ಅವಳು.

ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೇಳುವುದಿದ್ದರೆ ತುಂಬ ಇತ್ತು.

ದೊಡ್ಡ ರಸ್ತೆಗೆ ಮುಖ ಮಾಡಿ ನಿಂತ ಈ ದೊಡ್ಡ ಮನೆಗಳ ಸಾಲಿಗೆ ಒಂದು ಬೆನ್ನು ಇತ್ತು. ಆ ಬೆನ್ನ ಹಿಂದೆ ಚರಂಡಿ, ಚರಂಡಿಯ ಪಕ್ಕಕ್ಕೆ ಹಿಂದಿನ ಓಣಿ. ಒಂದೊಂದು ಕೋಣೆಯ ಮನೆಗಳು. ದೊಡ್ಡ ಮನೆಗಳ ಹಿಂಬಾಗಿಲುಗಳು ಓಣಿಗೆ ತೆರೆಯುತ್ತಿದ್ದವು. ಬೆಳಗಾದರೆ ಓಣಿಯ ಹೆಂಗಸರು ಅವುಗಳ ಒಳಗೆ ಹೋಗುತ್ತಿದ್ದರು, ಸಂಜೆಯಾದರೆ ಕೈಕಾಲು ಬಿಳುಚಿಕೊಂಡು ಹೊರಗೆ ಬರುತ್ತಿದ್ದರು. ಸಿಸ್ಟರಳ ತಾಯಿ ಈ ಮನೆಯಲ್ಲಿ ಹೊರಗೆಲಸದವಳು. ಒಳಗೆಲಸಕ್ಕೆ ಬೇರೆಯವಳಿದ್ದಳು, ಅವಳು ನೆಲ ಒರೆಸಿ, ಹಾಸಿಗೆ ಕೊಡವಿ, ಹೂದಾನಿ ತೊಳೆಯುವವಳು. ಹೊರಗೆಲಸವೆಂದರೆ ಕಲ್ಲಿನ ಮೇಲೆ ಬಟ್ಟೆ, ನಲ್ಲಿಯಡಿ ಪಾತ್ರೆ, ಒಲೆಯ ಬೂದಿ, ಕಟ್ಟಿದ ಚರಂಡಿ. ಹೊರಗೆಲಸದವಳು ಅಡುಗೆಮನೆಯವರೆಗೆ ಬರಬಹುದು. ಅಡುಗೆಮನೆಗೂ ಹಜಾರಕ್ಕೂ ನಡುವೆ ಒಂದು ಹೊಸ್ತಿಲಿತ್ತು. ಅಲ್ಲಿಗೆ ಅವಳ ಮನೆ ಮುಗಿಯುತ್ತಿತ್ತು.

ಮಗುವಾಗಿದ್ದಾಗ ಇವಳು ಒಗೆಯುವ ಕಲ್ಲಿನ ಪಕ್ಕ ಕೂತು ಪಾಠ ಓದುತ್ತಿದ್ದಳು. ಅಡುಗೆಮನೆಯ ಎರಡೂ ಬಾಗಿಲು ತೆರೆದಿದ್ದ ದಿನ ಹಜಾರದ ಒಂದು ಸೀಳು ಕಾಣುತ್ತಿತ್ತು. ಸೀಳಿನಲ್ಲಿ ಅರ್ಧ ಕುರ್ಚಿ. ಕೆತ್ತನೆಯ ಒಂದು ಕೈ, ಒಂದು ಕಾಲು, ಅದರಾಚೆ ಮುಂಬಾಗಿಲಿನಿಂದ ಬರುವ ಬೆಳಕು. ಉಳಿದರ್ಧ ಕುರ್ಚಿ ಹೇಗಿರಬಹುದು ಎಂದು ಯೋಚಿಸುತ್ತಲೇ ಅವಳು ಬೆಳೆದಳು. ಮನೆ ಮಾರಾಟಕ್ಕಿದೆ ಎಂದು ಗೊತ್ತಾದ ದಿನ ಗಂಡನಿಗೆ ಹೇಳಿದ್ದು ಒಂದೇ ಮಾತು: "ನಮ್ಮಮ್ಮ ಮುಂಬಾಗಿಲಿಂದ ಒಳಗೆ ಬರಬೇಕು. ಅವಳ ಕೈಯಲ್ಲೇ ಬೀಗ ತೆಗೆಸ್ತೀನಿ."

ನಕ್ಷೆಗೆ ಅಡ್ಡಗೀಟು ಬಿದ್ದ ಮರುದಿನ ಆ ಬೀಗದ ಕೀಲಿಯನ್ನೇ ಕೈಯಲ್ಲಿ ಹಿಡಿದು ಗೇಟಿನ ಬಳಿ ಕಾದಳು. ಕೋಣೆ ಆರಿಸಲು ಬಾ ಎಂದು ತಾಯಿಗೆ ಹೇಳಿ ಕಳಿಸಿದ್ದಳು. ಬಿಸಿಲೇರಿತು. ತಾಯಿಯ ಸುಳಿವಿಲ್ಲ. ಕೊನೆಗೆ ಹಿತ್ತಲಿನಿಂದ ಕರಕರ ಸದ್ದು ಕೇಳಿ ಮನೆ ಸುತ್ತಿಕೊಂಡು ಹೋದರೆ, ತಾಯಿ ಒಗೆಯುವ ಕಲ್ಲಿನ ಮೇಲೆ ಕೂತು ಹೆಂಚಿನ ಚೂರಿನಿಂದ ಪಾಚಿ ಕೆರೆಯುತ್ತಿದ್ದಳು.

"ಮುಂದೆ ಕಾಯ್ತಿದೀನಿ ನಾನು," ಎಂದಳು ಮಗಳು.

"ಹಿಂದೆ ಬಂದು ಕೂತಿದೀನಿ ನಾನು," ಎಂದಳು ತಾಯಿ.

"ಮುಂಬಾಗಿಲಿಗೆ ಬಾ ಅಂತ ಎಷ್ಟು ಸಲ ಹೇಳಿದ್ದೆ?"

"ಓಣಿಯಿಂದ ಇಲ್ಲಿಗೆ ನಾಲ್ಕು ಹೆಜ್ಜೆ. ಮುಂದಿನಿಂದ ಬರಬೇಕು ಅಂದ್ರೆ ಸಾಲು ಪೂರ್ತಿ ಸುತ್ತಬೇಕು. ನನ್ನ ಮಂಡಿ ನಿಮ್ಮ ಆಸ್ಪತ್ರೆ ಸ್ಟ್ರೆಚರ್ ಅಲ್ಲ, ತಳ್ಳಿದ ಕಡೆ ಉರುಳೋಕೆ."

ಇಂಜಿನಿಯರು ಆ ದಿನ ಬರುವವನಿರಲಿಲ್ಲ. ಮಗಳು ಸಿಟ್ಟು ನುಂಗಿಕೊಂಡು, ನಕ್ಷೆ ತಂದು ಕಲ್ಲಿನ ಮೇಲೆಯೇ ಬಿಡಿಸಿದಳು. "ನೋಡು, ಇದು ದೊಡ್ಡ ರಸ್ತೆ. ಇದು ಗೇಟು. ನಿನಗೆ ಯಾವ ಕೋಣೆ ಬೇಕು ಹೇಳು."

ತಾಯಿ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಎರಡೂ ಕೈಯಿಂದ ಕಾಗದವನ್ನು ಹಿಡಿದು ಬುಡ ಮೇಲು ಮಾಡಿದಳು.

"ಅಯ್ಯೋ, ತಿರುಗುಮುರುಗು ಹಿಡ್ಕೊಂಡಿದೀಯ."

"ನಿನಗೆ ತಿರುಗುಮುರುಗು. ನನಗೆ ಈಗ ಸರಿಯಾಯ್ತು." ಹಿಂಬಾಗಿಲ ಗುರುತಿನ ಮೇಲೆ ಅವಳ ತೋರುಬೆರಳು ಬಂದು ಕೂತಿತು, ಸುಣ್ಣ ಸೋಪು ತಿಂದು ತುದಿ ಸವೆದ ಬೆರಳು. ಅದು ಮೆಲ್ಲಗೆ ನಡೆಯತೊಡಗಿತು. "ಇಲ್ಲಿ ಒಳಗೆ ಬಂದೆ. ಇದು ಕಲ್ಲು. ಇದು ನಲ್ಲಿ. ಇಲ್ಲಿ ಜಾರತ್ತೆ, ಹುಷಾರು. ಇದು ಅಡುಗೆಮನೆ ಮೆಟ್ಟಿಲು. ಇಲ್ಲಿ ಪಾತ್ರೆ ಬೋರಲು ಹಾಕ್ತಿದ್ದೆ." ಅಡುಗೆಮನೆಯ ಆಚೆ ಗೀಟಿನವರೆಗೆ ಹೋಗಿ ಬೆರಳು ನಿಂತಿತು.

"ಮುಂದೆ?"

"ಮುಂದೆ ನನಗೇನು ಗೊತ್ತು? ಅಲ್ಲಿಂದಾಚೆ ಅವರ ಮನೆ."

"ಅವರ ಮನೆ ಅಲ್ಲಮ್ಮ. ನಮ್ಮ ಮನೆ."

"ಕಾಗದದ ಮೇಲೆ." ತಾಯಿಯ ಕಣ್ಣು ಅಡ್ಡಗೀಟುಗಳ ಮೇಲೆ ಬಿತ್ತು. "ಇದೇನು ಕತ್ತರಿ ಹಾಕಿದ ಹಾಗೆ?"

"ಅದು ಹೋಗೋದು. ಹಿಂಬಾಗಿಲು ಮುಚ್ಚಿ ಗೋಡೆ ಎತ್ತಿಸ್ತೀನಿ. ಈ ಗೂಡೂ ಹೋಗತ್ತೆ."

ಹೆಂಚಿನ ಚೂರು ತಾಯಿಯ ಕೈಯಿಂದ ಕೆಳಗೆ ಬಿತ್ತು. "ಹಾಗಾದ್ರೆ ನಾನು ಬರಲ್ಲ," ಎಂದಳು, ಯಾವುದೋ ಬಸ್ಸಿಗೆ ಹತ್ತುವುದಿಲ್ಲ ಎನ್ನುವಷ್ಟು ಸಲೀಸಾಗಿ.

"ಏನಂದೆ?"

"ಕೇಳಿಸ್ತಲ್ಲ. ಈ ಬಾಗಿಲು ಮುಚ್ಚಿಸು, ಈ ಕೋಣೆ ಕೆಡವಿಸು, ಮುಂದೆ ಕಂಬಕ್ಕೆ ಬಣ್ಣ ಹೊಡಿಸು, ನಿನ್ನ ಗಂಡನ ಜೊತೆ ಚೆನ್ನಾಗಿ ಬಾಳು. ನಾನು ನನ್ನ ಓಣಿಯಲ್ಲೇ ಇರ್ತೀನಿ."

ಮಗಳ ಮುಖ ಕೆಂಪಾಯಿತು. ಇಷ್ಟು ವರ್ಷ ರಾತ್ರಿ ಪಾಳಿ, ಹಗಲು ಪಾಳಿ, ರಜೆ ಇಲ್ಲದ ದುಡಿಮೆ, ಎಲ್ಲ ಈ ಒಂದು ಬಾಗಿಲಿಗೋಸ್ಕರ. "ನಿನಗೆ ಆ ಗೂಡೇ ಚೆಂದ ಅಲ್ವಾ? ನಾಯಿಗೆ ಹಾಕೋ ಹಾಗೆ ತಟ್ಟೆ ಅಲ್ಲಿ ತಳ್ತಿದ್ರು, ನೀನು ಅಲ್ಲೇ ಕೂತು ತಿಂತಿದ್ದೆ. ನಾನು ಹಾಸ್ಟೆಲಿಂದ ರಜಕ್ಕೆ ಬಂದಾಗ ನೋಡಿದೀನಿ. ಯಜಮಾನಿ ಸತ್ತು ಮಣ್ಣಾದ್ರೂ ನೀನಿನ್ನೂ ಅವಳ ಕೈಕೆಳಗೇ ಇದೀಯ."

ಮಾತು ಬಾಯಿ ದಾಟಿದ ಮೇಲೆ ಅದು ಎಲ್ಲಿ ತಗುಲಿತು ಎಂದು ಅವಳಿಗೇ ಕಾಣಿಸಿತು. ತಾಯಿ ಮಾತ್ರ ಅಲುಗಲಿಲ್ಲ. ಕಾಲ ಹೆಬ್ಬೆರಳಿನಿಂದ ಕಲ್ಲಿನ ಬುಡದ ಮಣ್ಣು ಕೆದಕಿದಳು. ಕಪ್ಪಗೆ ಒಂದು ಚೂರು ಎದ್ದು ಬಂತು.

"ನೋಡು, ಇನ್ನೂ ಇದೆ ಇದ್ದಿಲು. ಇದ್ದಿಲಮ್ಮ ಗೊತ್ತಲ್ಲ ನಿನಗೆ?"

ಗೊತ್ತಿತ್ತು. ಓಣಿಯ ತುದಿಯ ಮನೆಯವಳು. ಮನೆ ಮನೆಗೆ ಇದ್ದಿಲ ಮೂಟೆ ಹೊರುತ್ತಿದ್ದವಳು. ಓಣಿಗೆಲ್ಲ ಎತ್ತರದ ಹೆಂಗಸು.

"ನೀನು ನರ್ಸಿಂಗ್ ಓದೋಕೆ ಹೋದ ವರ್ಷ. ಅವಳು ತುಂಬು ಬಸುರಿ. ಮೂಟೆ ಇಳಿಸೋವಾಗ ಈ ಕಲ್ಲಿನ ಮೇಲೆ ಬಿದ್ಲು. ರಕ್ತ ನಿಲ್ಲಲಿಲ್ಲ. ಅಡುಗೆಮನೇಲಿ ಒಂದಿಷ್ಟು ಮಲಗಿಸ್ಕೊಳ್ಳಿ ತಾಯಿ ಅಂತ ಕೇಳಿದೆ. ಯಜಮಾನಿ ಹೊಸ್ತಿಲಾಚೆ ನಿಂತು ಅಂದಿದ್ದು ಇಷ್ಟೇ: ಒಳಗೆ ಬೇಡ, ಈಗಷ್ಟೇ ನೆಲ ಒರೆಸಿದಾರೆ." ತಾಯಿ ಇದ್ದಿಲ ಚೂರನ್ನು ಕಾಲಿನಿಂದ ಮತ್ತೆ ಮಣ್ಣಿಗೆ ಒತ್ತಿದಳು. "ಓಣಿಯಲ್ಲಿ ಚರಂಡಿ ಪಕ್ಕ ಖಾಲಿ ಚೀಲ ಹಾಸಿ ಮಲಗಿಸಿದ್ವಿ. ಇದ್ದಿಲಮ್ಮ ಉಳಿದ್ಲು. ಮಗು ಉಳೀಲಿಲ್ಲ."

ಮಗಳು ಕಲ್ಲಿನ ಅಂಚಿಗೆ ಕೂತಳು.

"ಮರುದಿನ ಬೆಳಗ್ಗೆ ಬಂದೆ. ಬಂದು ಒಳಗೆ ಹೋಗಲಿಲ್ಲ. ನಾಯಿ ನುಗ್ಗಬಾರದು ಅಂತ ಹೊರಗಿನಿಂದ ಹಾಕೋ ಸರಪಳಿ ಇತ್ತಲ್ಲ, ಅದನ್ನ ಎಳೆದು ಸಿಕ್ಕಿಸಿ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಪಕ್ಕದ ಮನೆ ಕೆಲಸದವಳು ನೋಡಿದ್ಲು, ಅವಳೂ ಕೂತ್ಲು. ಅದರಾಚೆಯವಳೂ ಕೂತ್ಲು. ಯಾರೂ ಮಾತಾಡ್ಕೊಂಡಿರ್ಲಿಲ್ಲ. ಬಿಸಿಲೇರೋ ಹೊತ್ತಿಗೆ ಈ ಸಾಲಿನ ಒಂದು ಬಾಗಿಲೂ ತೆರೆದಿರ್ಲಿಲ್ಲ. ಒಳಗೆ ಎಂಜಲು ತಟ್ಟೆ ಪೇರ್ಕೊಂಡ್ವು. ಚರಂಡಿ ಕಟ್ಕೊಳ್ತು. ದೊಡ್ಡ ಮನೆಗಳು ನಾರಿದ ನಾತ ಓಣಿಗೆ ಬಂತು ನೋಡು, ಅಷ್ಟು ವರ್ಷ ಓಣಿ ನಾತ ಅವರಿಗೆ ಹೋಗ್ತಿತ್ತು."

ಅವಳ ಗಂಟಲಲ್ಲಿ ಒಂದು ನಗು ಕೊಸರಿತು.

"ಆಮೇಲೆ ಯಜಮಾನಿ ಸುತ್ತಿ ಬಳಸಿ ಓಣಿಗೆ ಬಂದ್ಲು. ಮೂಗಿಗೆ ಕರ್ಚೀಫು. ಹುಟ್ಟಿದ ಮೇಲೆ ಮೊದಲ ಸಲ ಕಾಲಿಟ್ಟಿದ್ದು, ಎಲ್ಲಿ ಹೆಜ್ಜೆ ಇಡಬೇಕು ಗೊತ್ತಾಗ್ದೆ ಒದ್ದಾಡಿದ್ಲು. ಏನು ನಿನ್ನ ಗಲಾಟೆ, ಬಾಗಿಲು ತೆಗಿ, ಒಳಗೆ ಹೋಗಿ ಮಾತಾಡೋಣ ಅಂದ್ಲು. ನಾನಂದೆ: ಒಳಗೆ ಬೇಡ, ಇಲ್ಲೇ ಮಾತಾಡಿ."

"ನೀನು ಹಾಗಂದ್ಯಾ?"

"ಅಂದೆ. ಒಂದು ಕೋಣೆ ಬೇಕು ಅಂದೆ. ಬಿದ್ದರೆ ಮಲಗೋಕೆ, ಕೂತು ಉಣ್ಣೋಕೆ. ಚಿಲಕ ಒಳಗಡೆ ಇರಬೇಕು, ಹೊರಗಡೆ ಅಲ್ಲ. ಎಷ್ಟು ದೊಡ್ಡದು ಅಂತ ಅವರ ಮೇಸ್ತ್ರಿ ಕೇಳಿದ. ನಮಗೆ ಅಡಿ ಗಜ ಏನು ಗೊತ್ತು? ಇದ್ದಿಲಮ್ಮ ಇನ್ನೂ ಸರಿಯಾಗಿ ನಿಲ್ಲೋಕೂ ಆಗ್ತಿರ್ಲಿಲ್ಲ, ಎದ್ದು ಬಂದ್ಲು. ಇಲ್ಲೇ, ನೆಲದ ಮೇಲೆ ಕೈ ಚಾಚಿ ಮಲಗಿದ್ಲು. ಇದ್ದಿಲು ತಗೊಂಡು ಅವಳ ಸುತ್ತ ಗೆರೆ ಎಳೆದ್ವಿ. ಇಷ್ಟು ಅಂದ್ವಿ. ಈ ಸಾಲಿನಲ್ಲಿ ಹಿತ್ತಲಿಗೊಂದು ಅಂತ ಎಷ್ಟು ಕೋಣೆ ಇದ್ವೋ ಅಷ್ಟೂ ಅವಳಳತೆ." ತಾಯಿ ನಕ್ಷೆಯ ಮೇಲಿನ ಅಡ್ಡಗೀಟನ್ನು ಉಗುರಿನಿಂದ ಕೆರೆದಳು. "ಅದು ಅವರು ಕೊಟ್ಟ ಕೋಣೆ ಅಲ್ಲ ಕಣೇ. ನಾವು ತಗೊಂಡ ಕೋಣೆ. ಮಿಕ್ಕವರೆಲ್ಲ ಒಂದೊಂದಾಗಿ ಕೆಡವಿಬಿಟ್ರು, ಗ್ಯಾರೇಜು ಮಾಡ್ಕೊಂಡ್ರು. ಈ ಮನೆಗೆ ಬೀಗ ಬಿದ್ದಿತ್ತು, ಅದಕ್ಕೆ ಇದೊಂದು ಉಳ್ಕೊಂಡಿದೆ. ಅದನ್ನೂ ನನ್ನ ಮಗಳೇ ಕೆಡವಬೇಕಾ?"

"ನನಗೆ ಯಾಕೆ ಹೇಳಲಿಲ್ಲ?"

"ನೀನೆಲ್ಲಿ ಕೇಳಿದೆ? ರಜಕ್ಕೆ ಬಂದ್ರೆ ಪುಸ್ತಕದಿಂದ ತಲೆ ಎತ್ತುತಿರ್ಲಿಲ್ಲ. ಎತ್ತಿದ್ರೆ ಒಂದೇ ಮಾತು, ಈ ಕೆಲಸ ಬಿಡು, ನನಗೆ ನಾಚಿಕೆ ಆಗತ್ತೆ. ನಾನು ಈ ಬಾಗಿಲಿಂದ ಬಂದವಳು. ನನಗೆ ಯಾತರ ನಾಚಿಕೆ? ನಾಚಿಕೆ ಪಡಬೇಕಾದವರು ಮುಂಬಾಗಿಲಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ರು."

ಎದ್ದು, ಮಂಡಿ ಹಿಡಿದುಕೊಂಡು, ಬಂದ ಬಾಗಿಲಿನಿಂದಲೇ ಹೊರಟಳು. ಹೋಗುವಾಗ ಹಳೆಯ ರೂಢಿಯಂತೆ ಸರಪಳಿ ಎಳೆದು ಸಿಕ್ಕಿಸಿದ ಸದ್ದು ಕೇಳಿತು. ಮಗಳು ತನ್ನದೇ ಮನೆಯ ಹಿತ್ತಲಲ್ಲಿ ಸಿಕ್ಕಿಕೊಂಡಂತೆ ಕೂತಳು.

ಪಾಳಿ ಮುಗಿಸಿ ಸಂಜೆ ಗಂಡ ಬಂದಾಗ ಅವಳು ಆ ಗೂಡಿನ ಒಳಗಿದ್ದಳು. ಗೂಡು ಎಂದು ಕರೆಯುವುದನ್ನು ಆ ಹೊತ್ತಿಗೆ ಬಿಟ್ಟಿದ್ದಳು. ಚಿಲಕ ಒಳಗಡೆಯೇ ಇತ್ತು. ತುಕ್ಕು ಹಿಡಿದಿದ್ದರೂ ಎಳೆದಾಗ ಬಂತು. ನೆಲದ ಮೇಲೆ ಅಂಗಾತ ಮಲಗಿ ಕೈ ಚಾಚಿದಳು. ಬೆರಳ ತುದಿಗೂ ಗೋಡೆಗೂ ನಡುವೆ ಇನ್ನೂ ಜಾಗ ಉಳಿಯಿತು. ಇದ್ದಿಲಮ್ಮ ಅಷ್ಟು ಉದ್ದದವಳು. ಕಿಟಕಿ ಮಲಗಿದವಳ ಕಣ್ಣಿಗೆ ಆಕಾಶ ಕಾಣುವ ಎತ್ತರದಲ್ಲಿತ್ತು, ಹೊರಗಿನವನ ಕಣ್ಣಿಗೆ ಒಳಗು ಕಾಣದ ಎತ್ತರದಲ್ಲಿ. ಗೋಡೆಯ ಒಂದು ಕಡೆ, ಕೂತವರ ಬೆನ್ನು ಒರಗುವಲ್ಲಿ, ಗಾರೆ ನುಣುಪಾಗಿ ಹೊಳೆಯುತ್ತಿತ್ತು. ಎಷ್ಟು ಬೆನ್ನುಗಳು ಒರಗಿದ ಹೊಳಪೋ ಅದು.

ಅವಳಿಗೆ ಆಸ್ಪತ್ರೆಯ ಮೆಟ್ಟಿಲು ನೆನಪಾಯಿತು. ವಾರ್ಡು ತೊಳೆಯುವ ಹೆಂಗಸರು ಮಧ್ಯಾಹ್ನ ಅಲ್ಲಿ ಕಾಗದ ಹಾಸಿಕೊಂಡು ಮುದುಡಿ ಮಲಗುತ್ತಾರೆ. ದಾರಿಗೆ ಅಡ್ಡ, ಏಳಿ, ಎಂದು ಗದರಿದ್ದು ಕಳೆದ ವಾರ. ಗದರಿದವಳು ಯಾರು ಎಂದು ಚಾವಣಿ ಕೇಳಿದಂತಾಯಿತು.

"ಸಿಸ್ಟರ್, ಒಳಗೆ ಪೇಷೆಂಟ್ ಇದಾರಾ?" ಗಂಡ ಬಾಗಿಲು ತಟ್ಟಿದ.

ಚಿಲಕ ತೆಗೆದು, ಹೊಸ್ತಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಆಮೇಲೆ ತಾನು ಯೋಚಿಸಿದ್ದನ್ನೂ ಹೇಳಿದಳು. ಅವನು ತಲೆ ಕೆರೆದುಕೊಂಡ.

"ಅಂದ್ರೆ ಮನೆಯನ್ನೇ ತಿರುಗಿಸಿಬಿಡ್ತೀಯ. ಅಡ್ರೆಸ್ಸು ಏನಂತ ಬರೆಯೋದು?"

"ಹಿಂದಿನ ಓಣಿ."

"ದೊಡ್ಡ ರಸ್ತೆ ಮನೆ ತಗೊಂಡು ಹಿಂದಿನ ಓಣಿ ಅಂತ ಬರೆಯೋ ಹುಚ್ಚರು ನಾವೇ ಇರಬೇಕು. ಹಿಂದಿನ ಓಣಿ ಅಂದ್ರೆ ಆಂಬುಲೆನ್ಸೂ ಬರಲ್ಲ, ಗೊತ್ತಲ್ಲ?"

"ಆಂಬುಲೆನ್ಸ್ ಓಡಿಸೋನು ಇಲ್ಲೇ ಇರ್ತಾನಲ್ಲ."

ಅವನು ಅವಳ ಮುಖ ನೋಡಿದ. "ನಿನ್ನ ಮುಂಬಾಗಿಲು? ಅಷ್ಟು ವರ್ಷದ ಆಸೆ?"

ಅವಳು ಎದ್ದು ಕತ್ತಲಾಗುತ್ತಿದ್ದ ಹಜಾರಕ್ಕೆ ಹೋದಳು. ಕುರ್ಚಿ ಇದ್ದ ಜಾಗದಲ್ಲಿ ನೆಲ ಸವೆದು ಕುಳಿ ಬಿದ್ದಿತ್ತು. ಹೊಸ ಬೀಗ ತೆಗೆದು ಮುಂಬಾಗಿಲಿನಿಂದ ಹೊರಗೆ ಹೋದಳು. ಕಂಬಗಳ ನಡುವೆ ನಿಂತು, ತಿರುಗಿ, ಅದೇ ಬಾಗಿಲಿನಿಂದ ಒಳಗೆ ಬಂದಳು. ಇನ್ನೊಮ್ಮೆ ಹೋಗಿ ಇನ್ನೊಮ್ಮೆ ಬಂದಳು. ಅಡುಗೆಮನೆಯ ಆಚೆ, ತೆರೆದ ಎರಡು ಬಾಗಿಲುಗಳ ಸೀಳಿನಲ್ಲಿ, ಒಗೆಯುವ ಕಲ್ಲಿನ ಒಂದು ತುಂಡು ಕಾಣುತ್ತಿತ್ತು. ಅರ್ಧ ಕಲ್ಲು. ಯಜಮಾನಿಗೆ ಕೂತಲ್ಲಿಂದ ದಿನವೂ ಕಾಣುತ್ತಿದ್ದದ್ದು ಅದು. ಉಳಿದರ್ಧ ಹೇಗಿದೆ ಎಂದು ಅವಳು ಯಾವತ್ತೂ ಯೋಚಿಸಿರಲಾರಳು.

ಮರುದಿನ ಇಂಜಿನಿಯರು ಬಂದಾಗ ನಕ್ಷೆ ಮೇಜಿನ ಮೇಲೆ ಆಗಲೇ ಹರಡಿತ್ತು.

"ಮೇಡಂ, ತಲೆಕೆಳಗಾಗಿದೆ," ಎಂದು ತಿರುಗಿಸಲು ಹೋದ.

ಅವಳು ಕಾಗದದ ಮೇಲೆ ಅಂಗೈ ಊರಿದಳು. "ಕೆಳಗಾಗಿದ್ದದ್ದು ಈಗ ಮೇಲಾಗಿದೆ. ಬರ್ಕೊಳ್ಳಿ. ಓಣಿ ಕಡೆಯ ಬಾಗಿಲು ಅಗಲ ಮಾಡಿ, ಅದೇ ಹೆಬ್ಬಾಗಿಲು. ಕಲ್ಲು ಅಲ್ಲೇ ಇರುತ್ತೆ. ಪಕ್ಕದ ಕೋಣೆಗೆ ಹೆಂಚು ಬದಲಾಯಿಸಿ, ಗೋಡೆ ಮುಟ್ಟಬೇಡಿ, ಚಿಲಕ ಎಣ್ಣೆ ಹಾಕಿ ಸರಿ ಮಾಡಿ. ನಮ್ಮ ಮನೆಗೆ ಕೆಲಸಕ್ಕೆ ಬರೋರು ಮೊದಲು ಅಲ್ಲಿ ಕೂತು ಸುಧಾರಿಸ್ಕೊಳ್ಳಲಿ. ಬಂದ ನೆಂಟರು ಅಡುಗೆಮನೇಲಿ ಕೂರ್ತಾರೆ, ಅಲ್ಲಿ ಉದ್ದದ ಮೇಜು ಹಾಕ್ತೀನಿ."

"ಮುಂಬಾಗಿಲು?"

"ಸೊಂಟದವರೆಗೆ ಇಟ್ಟಿಗೆ ಕಟ್ಟಿ ಕಿಟಕಿ ಮಾಡಿ."

ಇಂಜಿನಿಯರು ಪೆನ್ಸಿಲು ಕೆಳಗಿಟ್ಟ. "ಮೇಡಂ, ನಾನು ಓದಿದವನು, ಹೇಳಬೇಕಾದ್ದು ಹೇಳ್ತೀನಿ. ಮನೆಗೆ ಮುಖ ಅಂತ ಒಂದಿರುತ್ತೆ. ಹೀಗೆ ಮಾಡಿದ್ರೆ ಮನೆ ರಸ್ತೆಗೆ ಬೆನ್ನು ಹಾಕಿದ ಹಾಗಾಗುತ್ತೆ."

"ಹಾಕಲಿ. ಇಷ್ಟು ವರ್ಷ ನಮ್ಮ ಓಣಿಗೆ ಬೆನ್ನು ಹಾಕಿ ನಿಂತಿತ್ತಲ್ಲ, ಆಗ ಯಾವ ಇಂಜಿನಿಯರಿಗೂ ಮನೆ ಮುಖದ ಚಿಂತೆ ಬರಲಿಲ್ಲ."

ಮೇಸ್ತ್ರಿ ಈ ಸಲ ಕೆಮ್ಮುವ ನಾಟಕ ಮಾಡಲಿಲ್ಲ. "ಆಗತ್ತೆ ಬಿಡಿ ಸಾರ್," ಎಂದ. "ಇಟ್ಟಿಗೆಗೆ ಹಿಂದು ಮುಂದು ಇಲ್ಲ."

ಹಿತ್ತಲಲ್ಲಿ ಸರಪಳಿ ಸದ್ದಾಯಿತು. ಅಳಿಯನ ತೋಳು ಹಿಡಿದು ತಾಯಿ ಬಂದಳು. ಮಗಳು ಹೇಳಿ ಕಳಿಸಿದ್ದು ಒಂದೇ ಮಾತು: ನಿನ್ನ ಬಾಗಿಲಿಂದಲೇ ಬಾ. ಅಡುಗೆಮನೆಯಲ್ಲಿ ನಿಂತು ತಾಯಿ ಸುತ್ತ ನೋಡಿದಳು, ಮೇಜಿನ ಮೇಲಿನ ಕಾಗದವನ್ನೂ ಅಲ್ಲಿಂದಲೇ ನೋಡಿದಳು. ಅದು ಯಾವ ಕಡೆಗೆ ತಿರುಗಿದೆ ಎಂಬುದು ಅವಳಿಗೆ ಹೊಸ್ತಿಲಾಚೆಯಿಂದಲೇ ಕಂಡಿತು. ಗದ್ದ ಒಂದಿಷ್ಟು ಮೇಲೆದ್ದಿತು.

"ಅತ್ತೆ, ಈಗ ನಿಮ್ಮ ಕೋಣೆ ಹೇಳಿಬಿಡಿ," ಎಂದ ಅಳಿಯ. "ನಿಮ್ಮ ಮಗಳು ಎಲ್ಲರಿಗೂ ಜಾಗ ಮಾಡಿದಾಳೆ, ನನಗೊಂದು ಬಿಟ್ಟು."

"ಹಜಾರ," ಎಂದಳು ತಾಯಿ.

"ಹಜಾರದ ಪಕ್ಕದ್ದಾ?" ಇಂಜಿನಿಯರು ಕೇಳಿದ.

"ಪಕ್ಕದ್ದು ಯಾಕೆ? ಹಜಾರವೇ. ಆ ಕುರ್ಚಿ ಇತ್ತಲ್ಲ, ಅಲ್ಲಿ ನನ್ನ ಮಂಚ."

"ಅಜ್ಜಿ, ಅದು ಮನೆಯಲ್ಲೇ ದೊಡ್ಡ ಜಾಗ. ನಿಮಗೆ ಎಷ್ಟು ಬೇಕು ಹೇಳಿ, ನಾನು ಗೋಡೆ ಹಾಕಿ ಬೇರೆ ಮಾಡ್ತೀನಿ. ಎಷ್ಟಕ್ಕೆ ಎಷ್ಟು?"

ತಾಯಿ ಅಳಿಯನ ತೋಳು ಬಿಟ್ಟಳು. ಹೊಸ್ತಿಲ ಬಳಿ ಬಂದು ನಿಂತಳು. ನಕ್ಷೆಯಲ್ಲಿ ಬೆರಳು ನಿಂತಿದ್ದಲ್ಲೇ ಕಾಲು ನಿಂತಿತು. ಮಗಳು ಕೈ ನೀಡಲು ಮುಂದಾಗಿ, ಬೇಡವೆಂದು ತನ್ನನ್ನೇ ತಡೆದುಕೊಂಡಳು. ತಾಯಿ ಕಾಲೆತ್ತಿ ದಾಟಿದಳು. ಜಾರುವ ನೆಲವಿರಬಹುದು ಎನ್ನುವ ಹಾಗೆ ಮೊದಲು ಹೆಬ್ಬೆರಳು ಊರಿ, ಆಮೇಲೆ ಪಾದ. ನೇರ ನಡುವಿಗೆ ಹೋಗಿ, ಒಂದು ಕೈ ಮಂಡಿಗೆ, ಒಂದು ಕೈ ನೆಲಕ್ಕೆ ಕೊಟ್ಟು ಕೂತಳು. ಕೂತವಳು ಸುಣ್ಣದ ಧೂಳಿನಲ್ಲಿ ಅಂಗಾತ ಮಲಗಿದಳು. ಎರಡೂ ಕೈ ಅಗಲಕ್ಕೆ ಚಾಚಿದಳು.

ಇಂಜಿನಿಯರು ಗಾಬರಿಯಾದ. "ಏನಾಯ್ತು? ತಲೆ ಸುತ್ತು ಬಂತಾ?"

"ಅಳತೆ ಕೇಳಿದ್ರಲ್ಲ, ಕೊಡ್ತಿದಾಳೆ," ಎಂದಳು ಮಗಳು. ಹಿತ್ತಲಿಗೆ ಹೋಗಿ, ಕಲ್ಲಿನ ಬುಡ ಕೆದಕಿ, ಕೈಗೆ ಸಿಕ್ಕ ಇದ್ದಿಲ ಚೂರು ಹಿಡಿದು ಬಂದಳು. ತಾಯಿಯ ತಲೆಯ ಹಿಂದೆ ಮಂಡಿಯೂರಿ ಗೆರೆ ಶುರು ಮಾಡಿದಳು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಸುದ್ದಿ ಹೇಗೋ ಕಾಂಪೌಂಡು ಹಾರಿತ್ತು. ನಿವೃತ್ತ ಸಾಹೇಬರು ಕಂಬಗಳ ನಡುವೆ ಹಾದು, ತೆರೆದ ಮುಂಬಾಗಿಲ ಬಳಿ ಬಂದರು.

"ಕೇಳಿದ್ದು ನಿಜವಾ? ಮುಂಬಾಗಿಲು ಮುಚ್ಚಿಸ್ತೀರಂತೆ. ಸಾಲಿನ ಅಂದವೇ ಹಾಳಾಗುತ್ತೆ. ಇದು ನಿಮ್ಮೊಬ್ಬರ ಮನೆ ಪ್ರಶ್ನೆ ಅಲ್ಲ. ನಾವೆಲ್ಲ ಕೂತು ಮಾತಾಡಬೇಕಾಗುತ್ತೆ." ಮಾತಾಡುತ್ತಲೇ ಒಳಗಿಡಲು ಬೂಟುಗಾಲು ಎತ್ತಿದರು.

"ಅಲ್ಲೇ ನಿಲ್ಲಿ," ಎಂದಳು ತಾಯಿ, ಮಲಗಿದಲ್ಲಿಂದಲೇ, ಚಾವಣಿ ನೋಡುತ್ತ. "ಗೆರೆ ತುಳೀಬೇಡಿ."

ಬೂಟು ಹೊಸ್ತಿಲ ಮೇಲೆ ಗಾಳಿಯಲ್ಲಿ ನಿಂತಿತು. ಸಾಹೇಬರು ಇಂಜಿನಿಯರನನ್ನು ನೋಡಿದರು. ಇಂಜಿನಿಯರು ನಕ್ಷೆ ನೋಡಿದ. ಮಗಳು ತಲೆ ಎತ್ತಲಿಲ್ಲ. ಇದ್ದಿಲು ತಾಯಿಯ ಭುಜ ಬಳಸಿ, ತೋಳಿನುದ್ದಕ್ಕೂ ಸಾಗಿ, ಬೆರಳ ತುದಿಗೆ ಬಂದು ತಡೆಯಿತು.

"ಇಷ್ಟು ಸಾಕಾ?"

ತಾಯಿ ಕತ್ತು ಹೊರಳಿಸಿ ಗೆರೆಯನ್ನು ನೋಡಿದಳು. ಗೆರೆಯಾಚೆ ಬಾಗಿಲವರೆಗಿದ್ದ ನೆಲವನ್ನು ನೋಡಿದಳು.

"ಇನ್ನೂ ಸ್ವಲ್ಪ ಆಚೆ," ಎಂದಳು.

ಇದ್ದಿಲು ಹೊಸ್ತಿಲ ಕಡೆಗೆ ಸರಿಯಿತು. ಬೂಟು ಹಿಂದಕ್ಕೆ ಸರಿಯಿತು.